ಉಯಿಲನ್ನು ಹೊರಗಿನವರು ಯಾವಾಗ ಓದಬಹುದು?

ಈ ಪಾಠದಲ್ಲಿ ನಾನು ಎಡವಿದ್ದು ಒಂದೇ ಕಡೆ. ಬರೆದವರು ತೀರಿಕೊಂಡ ಕೂಡಲೇ ಉಯಿಲು ಸಾರ್ವಜನಿಕವಾಗುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಸಾವಿನಿಂದ ಉಯಿಲಿಗೆ ಜೀವ ಬರುತ್ತದೆ, ಅಷ್ಟೆ. ಬೇರೆಯವರು ಓದಬಹುದೋ ಇಲ್ಲವೋ ಎಂಬುದು ಆ ಕಾಗದ ಯಾವ ದಫ್ತರ ಸೇರಿದೆ ಎಂಬುದರ ಮೇಲಿದೆ.

ಮೊದಲು ಭಾರತ. ನೋಂದಣಿ ಕಾಯ್ದೆ, 1908ರಲ್ಲಿ ಉಯಿಲಿನ ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಅದು ನೋಂದಣಿ ಕಚೇರಿಯ ದಾಖಲೆ ಪುಸ್ತಕಗಳಲ್ಲಿ 3ನೆಯದನ್ನು ಸೇರುತ್ತದೆ. ಕ್ರಯಪತ್ರಗಳಿರುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. 3ನೆಯದಕ್ಕೆ ಆ ಸಲಿಗೆ ಇಲ್ಲ. ಸೆಕ್ಷನ್ 57ರ ಪ್ರಕಾರ, ಬರೆದವರು ಬದುಕಿರುವವರೆಗೆ ನಕಲು ಸಿಗುವುದು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ಸತ್ತ ಮೇಲೆ, ಅರ್ಜಿ ಹಾಕಿದ ಯಾರಿಗಾದರೂ. ಈ ‘ಯಾರಿಗಾದರೂ’ ಪದಕ್ಕೆ ಅಡಿಗೆರೆ ಎಳೆದುಕೊಳ್ಳಿ; ವಾರಸುದಾರರೇ ಆಗಿರಬೇಕು ಎಂದು ಸೆಕ್ಷನ್ ಹೇಳುವುದಿಲ್ಲ. ಆದರೂ ಪುಸ್ತಕ ನಮ್ಮ ಕೈಗೆ ಬರದು, ಹುಡುಕಿ ಕೊಡುವವರು ನೋಂದಣಾಧಿಕಾರಿಯೇ.

ಉಯಿಲನ್ನು ಲಕೋಟೆಯಲ್ಲಿಟ್ಟು ಮೊಹರು ಹಾಕಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡುವ ದಾರಿಯೂ ಇದೆ (ಸೆಕ್ಷನ್ 42). ಬರೆದವರ ಮರಣಾನಂತರ ಅರ್ಜಿ ಬಂದರೆ ಅರ್ಜಿದಾರರ ಎದುರಲ್ಲೇ ಒಡೆದು, ಅವರ ಖರ್ಚಿನಲ್ಲೇ 3ನೇ ಪುಸ್ತಕಕ್ಕೆ ನಕಲು ಮಾಡುತ್ತಾರೆ.

ಇನ್ನು ಬೀರುವಿನಲ್ಲೇ ಉಳಿದ, ನೋಂದಣಿಯಾಗದ ಉಯಿಲು? ಅದೂ ಸಿಂಧುವೇ. ಆದರೆ ಯಾರಾದರೂ ಅದನ್ನು ಕೋರ್ಟಿಗೆ ತರುವವರೆಗೆ ಕೇಳಲು ಕಚೇರಿಯೇ ಇಲ್ಲ. ನನ್ನ ಲೆಕ್ಕಕ್ಕೆ ನಮ್ಮ ವ್ಯವಸ್ಥೆಯ ದೊಡ್ಡ ತೂತು ಇದು.

ಇಂಗ್ಲೆಂಡಿನಲ್ಲಿ ಬಾಗಿಲು ತೆರೆಯುವುದು ಪ್ರೊಬೇಟ್, ಅಂದರೆ ಉಯಿಲಿಗೆ ಸಿಗುವ ಅಧಿಕೃತ ಮನ್ನಣೆ. ಉಯಿಲು ನಿಜವೆಂದು ಒಪ್ಪಿ ಪ್ರೊಬೇಟ್ ಕೊಟ್ಟ ಮೇಲೆ, ಶುಲ್ಕ ಕಟ್ಟಿದ ಅಪರಿಚಿತರಿಗೂ ನಕಲು ಸಿಗುತ್ತದೆ. 1858ರಿಂದ ಈಚಿನವೆಲ್ಲ ಒಂದೇ ವ್ಯವಸ್ಥೆಯಡಿ ಇವೆ. ಸಾಲ ಕೊಟ್ಟವರು, ಆಸ್ತಿಯಲ್ಲಿ ಪಾಲು ಬರಬೇಕಾದವರು ಉಯಿಲು ಓದಬಹುದು ಎಂಬ ಅಳುಕು ಇದ್ದರೆ ಆಸ್ತಿ ಹಂಚುವ ನಿರ್ವಾಹಕರು ಕೈಚಳಕ ತೋರಿಸುವುದು ಕಷ್ಟ. ರಾಜಮನೆತನಕ್ಕೆ ಮಾತ್ರ ಬೇರೆ ಅಳತೆ: 2021ರಲ್ಲಿ ತೀರಿಕೊಂಡ ಪ್ರಿನ್ಸ್ ಫಿಲಿಪ್ ಅವರ ಉಯಿಲಿಗೆ ಹೈಕೋರ್ಟ್ 90 ವರ್ಷಗಳ ಬೀಗ ಹಾಕಿತು. ಡಯಾನಾ ಅವರದನ್ನು ಮುಚ್ಚಿಡಲಿಲ್ಲ ಎಂಬುದು ಸೋಜಿಗ.

ಅಮೆರಿಕದಲ್ಲೂ ಪ್ರೊಬೇಟ್ ಕೋರ್ಟಿನ ಕಡತ ಸಾಮಾನ್ಯವಾಗಿ ಸಾರ್ವಜನಿಕ. ಗುಟ್ಟು ಬೇಕೆನ್ನುವವರು ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟಿಗೆ ಸೇರಿಸುತ್ತಾರೆ. ಆ ಟ್ರಸ್ಟ್ ಪತ್ರ ಸಾಮಾನ್ಯವಾಗಿ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಕುತೂಹಲದಿಂದ ಕಡತ ತೆರೆದವರಿಗೆ ಕಾಣುವುದು ‘ಉಳಿದದ್ದೆಲ್ಲ ಟ್ರಸ್ಟಿಗೆ’ ಎಂಬ ಪುಟ್ಟ ಉಯಿಲು.