ಚಿತ್ರ ಕಲಿಯುವವರಿಗೆ ಕಿವಿಯ ಪಾಠ

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಕೊಡಗಿನ ಭಾಗಮಂಡಲ, ನಾಪೋಕ್ಲು ಕಡೆ ಮೊದಲು ಕರೆಂಟು ಹೋಗುತ್ತದೆ, ಬೆನ್ನಿಗೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಮೈಸೂರು, ಬೆಂಗಳೂರಿನಲ್ಲಿ ಅನಿಮೇಷನ್ ಅಥವಾ ಡಿಜಿಟಲ್ ಆರ್ಟ್ ಓದುತ್ತ ಆ ದಿನಗಳಲ್ಲಿ ಊರಿಗೆ ಬಂದವರು ವಿಡಿಯೋ ಪಾಠದ ಆಸೆ ಬಿಡಬೇಕಾಗುತ್ತದೆ. ಬರೀ ದನಿಯಲ್ಲಿರುವ ಪಾಠ, ಅಂದರೆ ಪಾಡ್‌ಕಾಸ್ಟ್, ಆದರೆ ನಡೆಯುತ್ತದೆ. ಸಿಗ್ನಲ್ ಇದ್ದಾಗ ಆ್ಯಪ್ ತಾನಾಗಿಯೇ ಹೊಸ ಸಂಚಿಕೆಯನ್ನು ಇಳಿಸಿಟ್ಟುಕೊಳ್ಳುತ್ತದೆ. ಕೇಳುವಾಗ ಇಂಟರ್ನೆಟ್ ಬೇಕಿಲ್ಲ. ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಉಳಿಸಿದ ಅರ್ಧ ಗಂಟೆಯ ಮಾತು 14 ಎಂಬಿಯ ಆಸುಪಾಸಿನಲ್ಲೇ ಮುಗಿಯುತ್ತದೆ.

ಕಣ್ಣಿನ ಕಲೆಗೆ ಕಿವಿಯ ಪಾಠ ಏಕೆ? ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳಲ್ಲಿ ಇದಕ್ಕೆ ಒಂದು ಉತ್ತರವಿದೆ. ಚಲಿಸುವ ಚಿತ್ರದ ವಿವರಣೆಯನ್ನು ಪರದೆಯ ಮೇಲೆ ಅಕ್ಷರದಲ್ಲಿ ಕೊಟ್ಟಾಗಿನದಕ್ಕಿಂತ ದನಿಯಲ್ಲಿ ಕೊಟ್ಟಾಗ ವಿದ್ಯಾರ್ಥಿಗಳು ಚೆನ್ನಾಗಿ ಕಲಿತರು. ಚಿತ್ರ, ಅಕ್ಷರ ಎರಡನ್ನೂ ಕಣ್ಣೇ ನೋಡಬೇಕಾದರೆ ಅದಕ್ಕೆ ಹೊರೆ; ವಿವರಣೆ ಕಿವಿಗೆ ಹೋದರೆ ಕಣ್ಣು ಚಿತ್ರದ ಮೇಲೇ ಉಳಿಯುತ್ತದೆ. ಆದರೆ ಕೈಯಲ್ಲಿರುವ ಚಿತ್ರಕ್ಕೂ ಕಿವಿಯಲ್ಲಿರುವ ಮಾತಿಗೂ ಸಂಬಂಧ ಇರಬೇಕು, ಇಲ್ಲದಿದ್ದರೆ ಗಮನ ಒಡೆಯುತ್ತದೆ.

ಇಷ್ಟಾದರೂ, ಕೇಳುವುದಕ್ಕಿಂತ ಪಾಡ್‌ಕಾಸ್ಟ್ ಮಾಡುವುದರಲ್ಲೇ ಹೆಚ್ಚಿನ ಕಲಿಕೆ ಇದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮಡಿಕೇರಿಯ ಗದ್ದಿಗೆಯನ್ನು, ಅಂದರೆ ಕೊಡಗಿನ ಅರಸರ ಸಮಾಧಿಯನ್ನು, 3ಡಿಯಲ್ಲಿ ಕಟ್ಟುವ ಹುಡುಗಿ ತನ್ನ ಕೆಲಸವನ್ನು ದನಿಯಲ್ಲೇ ವಿವರಿಸಬೇಕು ಅಂದುಕೊಳ್ಳಿ. ನಡುವಿನ ಗುಮ್ಮಟ, ಮೂಲೆಗಳ ಮಿನಾರು, ಬೆಳಗಿನ ಬೆಳಕಿನಲ್ಲಿ ಗುಮ್ಮಟದ ಯಾವ ಬದಿಗೆ ನೆರಳು, ಅದನ್ನು ಸಾಫ್ಟ್‌ವೇರಿನಲ್ಲಿ ತಂದದ್ದು ಹೇಗೆ. ‘ಇಲ್ಲಿ ನೋಡಿ’ ಎಂದು ಬೆರಳು ತೋರಿಸುವಂತಿಲ್ಲ. ತನಗೇ ಸರಿಯಾಗಿ ತಿಳಿಯದ ಜಾಗ ಬಂದಾಗ ಮಾತು ತಡವರಿಸುತ್ತದೆ. ಪುಸ್ತಕ ನೋಡದೆ ನೆನಪಿನಿಂದ ಹೇಳಿದರೆ ಇನ್ನೂ ಒಳ್ಳೆಯದು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು 5 ನಿಮಿಷದ ನಂತರ ಮುಂದಿದ್ದರು. ಒಂದು ವಾರದ ನಂತರ, ಓದಿದ್ದನ್ನು ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಮುಂದಿದ್ದರು.

ಇನ್ನು ರೆಕಾರ್ಡಿಂಗ್. ಜಿಂಕ್ ಶೀಟಿನ ಮೇಲೆ ಬೀಳುವ ಮಳೆಯ ಸದ್ದು ತಗ್ಗಿನಿಂದ ಹೆಚ್ಚಿನವರೆಗೆ ಎಲ್ಲ ಕಂಪನಾಂಕಗಳಲ್ಲೂ ಹರಡಿಕೊಂಡಿರುತ್ತದೆ. ಸ, ಶ, ಫ ಮುಂತಾದ ಅಕ್ಷರಗಳು ಅದರಲ್ಲಿ ಮುಳುಗಿಬಿಡುತ್ತವೆ. ಮೈಕನ್ನು ಬಾಯಿಗೆ ಇದ್ದ ದೂರದ ಅರ್ಧಕ್ಕೆ ತಂದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಮಳೆ ಇದ್ದಷ್ಟೇ ಇರುತ್ತದೆ. ದುಬಾರಿ ಸ್ಟುಡಿಯೋಕ್ಕಿಂತ ಮೊದಲು ಕಲಿಯಬೇಕಾದದ್ದು ಇದು.

ಆ ಮಳೆಯನ್ನೇ ಎಂಪಿ3 ಮಾಡಿ ನೋಡಿ. ಒಂದು ಜೋರು ಸದ್ದಿನ ಮರೆಯಲ್ಲಿ ಕಿವಿಗೆ ಕೇಳಿಸದ ಸಣ್ಣ ಸದ್ದುಗಳನ್ನು ಎಂಪಿ3 ಬಿಟ್ಟುಬಿಡುತ್ತದೆ. ಕಡತ ಚಿಕ್ಕದಾಗುವುದರ ಗುಟ್ಟು ಅದು. ಮಾತಿನ ಸ್ವರಗಳಲ್ಲಿ ಕ್ರಮವಿದೆ, ಅವು ಕಡಿಮೆ ಬಿಟ್‌ಗಳಲ್ಲಿ ಹಿಡಿಸುತ್ತವೆ. ಮಳೆಯ ಸದ್ದಿಗೆ ಕ್ರಮವಿಲ್ಲ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬಳಸುವ ಬಿಟ್‌ಗಳ ಸಂಖ್ಯೆ, ಇಳಿಸಿದಂತೆ ಅದು ಸಾಲದೆ ಹೋಗಿ ಸದ್ದು ಗೊಳಗೊಳ ಎನ್ನತೊಡಗುತ್ತದೆ.

ಡಿಜಿಟಲ್ ಆರ್ಟ್ ವಿದ್ಯಾರ್ಥಿಗೆ ಇದು ಪರಿಚಿತ ತೊಂದರೆ. ಕಾಫಿ ತೋಟದ ಫೋಟೋವನ್ನು ಜೆಪೆಗ್‌ನಲ್ಲಿ ತೀರಾ ಕುಗ್ಗಿಸಿದರೆ, ಒತ್ತೊತ್ತಾದ ಎಲೆಗಳು ಚೌಕ ಚೌಕವಾಗಿ ಒಡೆಯುತ್ತವೆ, ಮೇಲಿನ ಒಂದೇ ಸಮನಾದ ಬೂದು ಆಕಾಶ ಮಾತ್ರ ಹೆಚ್ಚು ಕೆಡುವುದಿಲ್ಲ. ಎಂಪಿ3, ಜೆಪೆಗ್ ಎರಡರ ಹಿಂದೆಯೂ ಒಂದೇ ಮನೆತನದ ಗಣಿತವಿದೆ: ಚಿತ್ರವನ್ನೋ ಸದ್ದನ್ನೋ ಒಂದೇ ಲಯದಲ್ಲಿ ಏರಿಳಿಯುವ ಕೊಸೈನ್ ಅಲೆಗಳ ಮೊತ್ತವಾಗಿ ಬರೆದುಕೊಂಡು, ಕಣ್ಣಿಗೆ, ಕಿವಿಗೆ ಮುಖ್ಯವಲ್ಲದ ಅಲೆಗಳನ್ನು ಒರಟಾಗಿ ಅಳೆಯುವುದು. ತರಗತಿಯಲ್ಲಿ ಈ ಸೂತ್ರ ಬೋರ್ಡಿನ ಮೇಲೆಯೇ ಉಳಿದುಬಿಡುತ್ತದೆ. ಬದಲಿಗೆ ಅಧ್ಯಾಪಕರು ಒಂದು ಸಂಚಿಕೆಯನ್ನೇ ಅಸೈನ್‌ಮೆಂಟ್ ಆಗಿ ಕೊಡಲಿ: ಒಂದೇ ಮಳೆಯನ್ನು 128 ಮತ್ತು 32 ಕಿಲೋಬಿಟ್‌ನಲ್ಲಿ ಕೇಳಿಸಿ, ವ್ಯತ್ಯಾಸಕ್ಕೆ ಕಾರಣವನ್ನು ಚಿತ್ರವಿಲ್ಲದೆ, ಸೂತ್ರ ಬರೆಯದೆ, ಮನೆಯಲ್ಲಿರುವ ಅಜ್ಜಿಗೂ ತಿಳಿಯುವ ಕನ್ನಡದಲ್ಲಿ 5 ನಿಮಿಷ ಹೇಳಬೇಕು.