ಗೋಡೆ ಮೇಲಿನ ಹೆಮ್ಮಾರಿ, ಬ್ಯಾಗಿನೊಳಗಿನ ಮಾತ್ರೆ

ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ನೆನಪಿರಬಹುದು. ಬಸ್ ಸ್ಟ್ಯಾಂಡಿನ ಗೋಡೆ, ಆಸ್ಪತ್ರೆಯ ಕಾಂಪೌಂಡ್, ಪ್ರಬಂಧ ಸ್ಪರ್ಧೆ, ಎಲ್ಲಿ ನೋಡಿದರೂ ಒಂದೇ ಮಾತು: 'ಏಡ್ಸ್ ಎಂಬ ಹೆಮ್ಮಾರಿ'. ಆ ಪ್ರಬಂಧ ನಾನೂ ಬರೆದಿದ್ದೇನೆ. ಮೇಲೆ ತಲೆಬುರುಡೆಯ ಚಿತ್ರ, ಕೆಳಗೆ ಕೆಂಪು ಪೆನ್ನಿನಲ್ಲಿ 'ಮದ್ದಿಲ್ಲದ ರೋಗ'. ಸೋಂಕಿರುವವರ ಪಕ್ಕ ಕೂತು ಊಟ ಮಾಡಬಹುದು ಅನ್ನುವ ಒಂದು ಸಾಲೂ ಅದರಲ್ಲಿ ಇರಲಿಲ್ಲ.

ಹೆದರಿಕೆಗೆ ಕಾರಣ ಇತ್ತು, ಒಪ್ಪುತ್ತೇನೆ. ಆಗ ಕೊಡೋಕೆ ಔಷಧಿ ಇರಲಿಲ್ಲ. ಆದರೆ ಔಷಧಿ ಬಂದು ಎಷ್ಟೋ ವರ್ಷ ಆದಮೇಲೂ ಗೋಡೆಯ ಮಾತು ಬದಲಾಗಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಏಡ್ಸ್ ತರುವ ವೈರಸ್ ಎಚ್‌ಐವಿ ಭಾರತದಲ್ಲಿ ಪತ್ತೆಯಾಗಿದ್ದು 1986ರಲ್ಲಿ, ಈಗಿನ ಚೆನ್ನೈನಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾಗೆ ಸಂಶೋಧನೆಗೆ ಈ ವಿಷಯ ಕೊಟ್ಟಿದ್ದರು. ನಿರ್ಮಲಾ ಲೈಂಗಿಕ ವೃತ್ತಿಯ ಮಹಿಳೆಯರನ್ನು ಹುಡುಕಿಕೊಂಡು ಹೋಗಿ ರಕ್ತದ ಮಾದರಿ ತಂದರು. ಇಡಲು ಬೇರೆ ಜಾಗ ಇಲ್ಲದೆ ತಮ್ಮ ಮನೆಯ ಫ್ರಿಜ್‌ನಲ್ಲೇ ಇಟ್ಟರು. ಆಮೇಲೆ ಐಸ್ ಬಾಕ್ಸಿಗೆ ತುಂಬಿ ರಾತ್ರಿ ರೈಲಿನಲ್ಲಿ ವೆಲ್ಲೂರಿಗೆ ಒಯ್ದರು. ಅಲ್ಲಿ ಪರೀಕ್ಷೆಯಲ್ಲಿ ಆರು ಮಾದರಿ ಹಳದಿ ಬಣ್ಣಕ್ಕೆ ತಿರುಗಿದವು, ಅಂದರೆ ಸೋಂಕು ಇತ್ತು.

ಸೋಂಕು ಮೊದಲು ಆ ಮಹಿಳೆಯರಲ್ಲಿ ಕಂಡಿತು, ಅದಕ್ಕೇ ತಪ್ಪೂ ಅವರದೇ ಅಂತ ಊರು ತೀರ್ಮಾನ ಮಾಡಿಬಿಟ್ಟಿತು. ಅವರ ಹತ್ತಿರ ಹೋಗಿಬಂದ ಗಂಡಸರ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಗೋವಾದಲ್ಲಿ 1989ರಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕ ರಕ್ತದಾನ ಮಾಡಿದಾಗ ಸೋಂಕು ಗೊತ್ತಾಯಿತು. ಪೊಲೀಸರು ಬಂದು ಕರೆದೊಯ್ದರು. 64 ದಿನ ಕೂಡಿಹಾಕಿದರು. ಕಾನೂನೇ ಹಾಗಿತ್ತು.

1992ರಲ್ಲಿ ಏಡ್ಸ್ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಸೇರಿತು. ಉತ್ತರ ಕರ್ನಾಟಕದ ಬಾಗಲಕೋಟೆ, ಬೆಳಗಾವಿ ಕಡೆ ತೊಂದರೆ ಜಾಸ್ತಿ. ದೇವದಾಸಿ ಪದ್ಧತಿಯನ್ನು ನಿಷೇಧಿಸಿ 1982ರಲ್ಲೇ ಕಾನೂನು ಬಂದಿತ್ತು. ಆದರೆ ಮುತ್ತು ಕಟ್ಟಿಸಿಕೊಂಡವರ ಬದುಕು ಕಾನೂನಿನಿಂದ ಬದಲಾಗಿರಲಿಲ್ಲ. ಮುಧೋಳದಲ್ಲಿ ಆ ಮಹಿಳೆಯರೇ ಸೇರಿ ಸಂಘ ಕಟ್ಟಿದರು. ಅದರ ಹೆಸರು 'ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ'. ರೋಗ ಹರಡುವವರು ಅಂತ ಜನ ಯಾರ ಕಡೆ ಬೊಟ್ಟು ಮಾಡುತ್ತಿದ್ದರೋ, ಅವರೇ ತಮ್ಮನ್ನು ತಡೆಗಟ್ಟುವವರು ಎಂದು ಕರೆದುಕೊಂಡರು. ಈ ಹೆಸರು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮೈಸೂರಿನ ಕಥೆಯೂ ಇಂಥದ್ದೇ. 2004ರ ಸಮೀಕ್ಷೆಯಲ್ಲಿ ಅಲ್ಲಿನ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ಸುಮಾರು ನಾಲ್ವರಿಗೆ ಒಬ್ಬರಲ್ಲಿ ಎಚ್‌ಐವಿ ಇತ್ತು. ಅವರದೇ ಸಂಘಟನೆಯಾಗಿ ಬೆಳೆದ ಆಶೋದಯ ಸಮಿತಿಯಲ್ಲಿ ತಿಳಿವಳಿಕೆ ಹೇಳುವವರೂ ಅದೇ ಮಹಿಳೆಯರು. ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಸಿಗುತ್ತಾರೆ, ಕಾಂಡೋಮ್ ಬೇಡ ಅನ್ನುವ ಗಿರಾಕಿಗೆ ಏನು ಹೇಳಬೇಕು, ಪೊಲೀಸ್ ಹಿಡಿದರೆ ಯಾರಿಗೆ ಫೋನ್ ಮಾಡಬೇಕು. ಇದೆಲ್ಲ ಯಾವ ಪೋಸ್ಟರಿನಲ್ಲೂ ಬರೆಯೋಕೆ ಆಗದ ಪಾಠ. ಎರಡೂವರೆ ವರ್ಷದಲ್ಲಿ ಅವರಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗ ಶೇ 25ರಿಂದ ಶೇ 12ಕ್ಕೆ ಇಳಿಯಿತು. ಮುಂದೆ ಅವರು ಒಂದು ಹೋಟೆಲನ್ನೂ ತೆರೆದರು. ಅವರು ಬಡಿಸಿದ್ದನ್ನು ಊರಿನ ಜನ ಕೂತು ಉಂಡರು. ನನ್ನ ಪ್ರಬಂಧದಲ್ಲಿ ಬಿಟ್ಟುಹೋಗಿದ್ದ ಸಾಲು ಇದೇ ಅಲ್ವಾ?

ಶಾಲೆಗಳಲ್ಲಿ ಮಾತ್ರ ಉಲ್ಟಾ ಆಯಿತು. ಎಚ್‌ಐವಿ ಬಗ್ಗೆಯೂ ಹೇಳಿಕೊಡುವ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರ ಹೊತ್ತಿಗೆ ಹಲವು ರಾಜ್ಯಗಳು ತಡೆದವು. ಕರ್ನಾಟಕವೂ ತಡೆಯಿತು. ಮಕ್ಕಳು ಕೆಟ್ಟುಹೋಗುತ್ತಾರೆ ಅನ್ನುವ ಭಯ. ಮಕ್ಕಳಿಗೆ ಹೆಮ್ಮಾರಿ ಅನ್ನುವ ಪದ ಗೊತ್ತಿರಬಹುದು, ಅದು ಹೇಗೆ ಹರಡುತ್ತದೆ ಎಂಬುದು ಗೊತ್ತಾಗಬಾರದು!

ಇಷ್ಟರಲ್ಲಿ ಔಷಧಿಯ ಲೋಕವೇ ಬದಲಾಗಿತ್ತು. ಒಬ್ಬರ ಒಂದು ವರ್ಷದ ಚಿಕಿತ್ಸೆಗೆ ಹತ್ತು ಸಾವಿರ ಡಾಲರ್‌ಗೂ ಮೇಲೆ ಬೀಳುತ್ತಿದ್ದ ಕಾಲದಲ್ಲಿ, 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ 350 ಡಾಲರ್‌ಗೆ ಕೊಡುತ್ತೇವೆ ಎಂದಿತು. 2004ರ ಏಪ್ರಿಲ್ 1ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎ.ಆರ್.ಟಿ. ಮಾತ್ರೆ ಉಚಿತವಾಗಿ ಸಿಗತೊಡಗಿತು. ಮೊದಲು ರೋಗದ ವಿರುದ್ಧ ಹೋರಾಡುವ ಸಿಡಿ4 ರಕ್ತಕಣಗಳು ಇಷ್ಟಕ್ಕಿಂತ ಕಡಿಮೆ ಆದರೆ ಮಾತ್ರ ಔಷಧಿ ಅನ್ನುತ್ತಿದ್ದರು. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ಚಿಕಿತ್ಸೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ.

ಗೋಡೆಗೆ ಬರಲೇಬೇಕಿದ್ದ ವಿಷಯ ಇನ್ನೊಂದಿದೆ. ಒಂಬತ್ತು ದೇಶಗಳ 1,763 ಜೋಡಿಗಳ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಒಬ್ಬರಿಗೆ ಸೋಂಕಿದೆ, ಸಂಗಾತಿಗೆ ಇಲ್ಲ, ಅಂಥ ಜೋಡಿಗಳು. ಚೆನ್ನೈ, ಪುಣೆಯವರೂ ಅದರಲ್ಲಿದ್ದರು. 2011ರಲ್ಲಿ ಫಲಿತಾಂಶ ಬಂತು: ಬೇಗ ಔಷಧಿ ಶುರುಮಾಡಿದರೆ ಸಂಗಾತಿಗೆ ದಾಟುವುದು ಶೇ 96ರಷ್ಟು ಕಡಿಮೆ. ಮುಂದಿನ ಅಧ್ಯಯನಗಳು ಇನ್ನೂ ಗಟ್ಟಿಯಾಗಿ ಹೇಳಿದವು. ಮಾತ್ರೆ ತಪ್ಪದೆ ತಗೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ, ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ಗರ್ಭಿಣಿ ಔಷಧಿ ತಗೊಂಡರೆ ಮಗುವಿಗೆ ಬರುವ ಸಾಧ್ಯತೆ ಶೇ 5ಕ್ಕಿಂತ ಕೆಳಗಿಳಿಸಬಹುದು. ಮದುವೆ ಆಗಬಹುದು, ಮಕ್ಕಳಾಗಬಹುದು. ಇದನ್ನು ಯಾವ ಬಸ್ ಸ್ಟ್ಯಾಂಡಿನಲ್ಲೂ ನಾನು ಓದಿಲ್ಲ.

ಅದಕ್ಕೇ ಇವತ್ತಿಗೂ ಮಾತ್ರೆ ಡಬ್ಬಿಯ ಲೇಬಲ್ ಕಿತ್ತು ಬ್ಯಾಗಿಗೆ ಹಾಕಿಕೊಳ್ಳುವವರಿದ್ದಾರೆ. ಬಸ್ಸಿನಲ್ಲಿ ಗಲಗಲ ಸದ್ದಾಗಬಾರದು ಅಂತ ಒಳಗೆ ಹತ್ತಿ ತುರುಕುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲೇ ಸಿಕ್ಕರೂ ಗುರುತಿನವರು ನೋಡಿಯಾರು ಅಂತ ಪಕ್ಕದ ಜಿಲ್ಲೆಗೆ ಹೋಗುತ್ತಾರೆ. ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಬಸ್ ಚಾರ್ಜ್ ಉಳಿಯಿತು, ಆದರೆ ಒಂದು ದಿನದ ಕೂಲಿ ಹೋಗುವುದು ತಪ್ಪಿಲ್ಲ. ಔಷಧಿ ಉಚಿತ ಆದರೂ ಬಡವರಿಗೆ ಅದು ಉಚಿತವಲ್ಲ.

ಎಚ್‌ಐವಿ ಇದೆ ಎಂದು ಕೆಲಸದಿಂದ ತೆಗೆಯುವುದು, ಶಾಲೆಗೆ ಸೇರಿಸಿಕೊಳ್ಳದಿರುವುದು, ಚಿಕಿತ್ಸೆ ನಿರಾಕರಿಸುವುದು ಈಗ ಕಾನೂನಿಗೆ ವಿರುದ್ಧ. 2017ರ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವ ಹಾಗಿಲ್ಲ. ಸೋಂಕು ತಗುಲಿರಬಹುದು ಅನ್ನಿಸಿದರೆ 72 ಗಂಟೆಯೊಳಗೆ ಶುರುಮಾಡುವ ತಡೆ ಔಷಧಿಯೂ ಇದೆ, ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಸುಮ್ನೆ ಹೆದರಿ ಕೂರುವುದು ಬೇಡ, ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹೆಸರೂ ಹೇಳಬೇಕಿಲ್ಲ.