ಲಿನಕ್ಸ್‌ನಲ್ಲಿ ಹಾಡು ರೆಕಾರ್ಡ್ ಆಗೋದರ ಹಿಂದೆ ಯಾರ್‍ಯಾರಿದ್ದಾರೆ?

ಬೆಂಗಳೂರಿನಲ್ಲಿ ಮನೆಯ ಒಂದು ರೂಮನ್ನೇ ಸ್ಟುಡಿಯೋ ಮಾಡಿಕೊಂಡವರು ಈಗ ಬೇಕಾದಷ್ಟು ಜನ ಇದ್ದಾರೆ. ಎಸ್.ಪಿ. ರೋಡಿನಿಂದ ಹಳೇ ಕಂಪ್ಯೂಟರ್ ತಂದು, ಲಿನಕ್ಸ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ, ಪಾಡ್‌ಕಾಸ್ಟೋ ಭಾವಗೀತೆಯೋ ರೆಕಾರ್ಡ್ ಮಾಡುತ್ತಾರೆ. ಆಲ್ಸಾ, ಜ್ಯಾಕ್, ಪಲ್ಸ್‌ಆಡಿಯೋ, ಪೈಪ್‌ವೈರ್ ಅನ್ನೋ ಸದ್ದಿನ ಸಾಫ್ಟ್‌ವೇರ್‌ಗಳಲ್ಲಿ ಯಾವುದು ಏನು ಮಾಡುತ್ತೆ ಅಂತ ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ, ಕಥೆಯೇ ಅಷ್ಟು ಗೋಜಲು.

ಮೊದಲ ಹತ್ತು ವರ್ಷ ಬೇಗ ಹೇಳಿಬಿಡಬಹುದು. ಫಿನ್‌ಲೆಂಡ್‌ನ ಹನ್ನು ಸವೊಲೈನೆನ್ ಬರೆದ, ಸೌಂಡ್ ಕಾರ್ಡ್ ನಡೆಸೋ ಓಎಸ್‌ಎಸ್ ಇತ್ತು, 1998ರ ಸುಮಾರಿಗೆ ಜೆಕ್ ದೇಶದ ಯಾರೋಸ್ಲಾವ್ ಕಿಸೆಲಾ ಅದೇ ಕೆಲಸಕ್ಕೆ ಆಲ್ಸಾ ಶುರು ಮಾಡಿದರು, 2003ರ ಕೊನೆಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6 ಆವೃತ್ತಿ ಜೊತೆ ಅದು ಎಲ್ಲರ ಕಂಪ್ಯೂಟರಿಗೂ ಬಂತು.

ಸೌಂಡ್ ಕಾರ್ಡ್ ಏನೋ ಕೆಲಸ ಮಾಡಿತು. ಹಾಡುವವರಿಗೆ ಅಷ್ಟು ಸಾಲದು. ಹೆಡ್‌ಫೋನ್ ಹಾಕಿಕೊಂಡು ಶ್ರುತಿಗೆ ಹಾಡುವಾಗ ನಿಮ್ಮ ದನಿ ಕಂಪ್ಯೂಟರ್ ಒಳಗೆ ಹೋಗಿ ವಾಪಸ್ ನಿಮ್ಮ ಕಿವಿಗೇ ಬರಬೇಕು ಅಲ್ವಾ? ಕಂಪ್ಯೂಟರ್ ಆ ದನಿಯನ್ನು ಸ್ವಲ್ಪ ಸ್ವಲ್ಪವೇ ಕೂಡಿಟ್ಟು ಕಳಿಸುತ್ತೆ. ಅದೇ ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್ (ದನಿಯ ಚೂರು) ಲೆಕ್ಕದಲ್ಲಿ 1024ರ ಬಫರ್ ಇಟ್ಟರೆ ಒಂದೊಂದಕ್ಕೂ 21 ಮಿಲಿಸೆಕೆಂಡ್ ತಡ, ಅದೂ ಒಳಗೆ ಹೋಗೋಕೆ ಒಂದು ಸಲ, ಹೊರಗೆ ಬರೋಕೆ ಇನ್ನೊಂದು ಸಲ. ತಾಳ ತಪ್ಪೋಕೆ ಅಷ್ಟು ಸಾಕು. 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡಿಗಿಂತ ಕಡಿಮೆ. ಆದರೆ ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ರೆಕಾರ್ಡಿಂಗ್ ನಡುವೆ ಪಟಪಟ ಸದ್ದು ಬರುತ್ತೆ, ಒಳ್ಳೆಯ ಟೇಕ್ ಹಾಳಾಗುತ್ತೆ.

ಈ ಸಮಸ್ಯೆಗೆ ಕೈ ಹಾಕಿದವರು ಪಾಲ್ ಡೇವಿಸ್. ಆರ್ಡೋರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಬರೆಯುತ್ತಾ, ಪ್ರೋಗ್ರಾಂಗಳ ನಡುವೆ ಸದ್ದನ್ನು ಹೆಚ್ಚು ತಡವಿಲ್ಲದೆ ಸಾಗಿಸೋ ಜ್ಯಾಕ್ ಕೂಡ ಕಟ್ಟಿದರು. ಹೈಡ್ರೋಜನ್ ಅನ್ನೋ ಡ್ರಮ್ ಸಾಫ್ಟ್‌ವೇರ್‌ನ ಡ್ರಮ್ಸ್ ಸೀದಾ ಆರ್ಡೋರ್‌ನ ಟ್ರ್ಯಾಕಿಗೆ ಬಂದಿದ್ದು ಜ್ಯಾಕ್‌ನಿಂದ. ಕರ್ನಲ್ ಕೂಡ ಟೈಮಿಗೆ ಸರಿಯಾಗಿ ಸ್ಪಂದಿಸಲಿ ಅಂತ ಇಂಗೊ ಮೊಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮುಂತಾದವರು ರಿಯಲ್‌ಟೈಮ್ ಪ್ಯಾಚ್‌ಗಳನ್ನು (ಕೋಡಿನ ತಿದ್ದುಪಡಿಗಳನ್ನು) ಬರೆದರು, ಅದು ಪೂರ್ತಿಯಾಗಿ ಮುಖ್ಯ ಕರ್ನಲ್ ಸೇರಿದ್ದು 2024ರಲ್ಲಿ. ಇಪ್ಪತ್ತು ವರ್ಷ ಬಿಡದೆ ಹಿಡಿದ ಕೆಲಸ ಅದು.

ಇದರ ನಡುವೆ, 2008ರ ಹೊತ್ತಿಗೆ, ಬ್ರೌಸರ್, ಪ್ಲೇಯರ್ ಮುಂತಾದ ದಿನಬಳಕೆಯ ಪ್ರೋಗ್ರಾಂಗಳ ಸದ್ದನ್ನು ಬೆರೆಸಿ ಕಳಿಸೋ ಪಲ್ಸ್‌ಆಡಿಯೋ ಬಂತು. ಸೌಂಡ್ ಕಾರ್ಡ್ ನಡೆಸೋ ಡ್ರೈವರ್‌ಗಳಲ್ಲಿ ಅಡಗಿದ್ದ ದೋಷಗಳು ಒಟ್ಟಿಗೆ ಹೊರಬಿದ್ದವು, ಅದು ಹದಕ್ಕೆ ಬರುವ ಮೊದಲೇ ಜನರ ಕೈಗೂ ಹೋಗಿತ್ತು. ಎರಡಕ್ಕೂ ಅದೇ ಕಾರ್ಡ್ ಬೇಕು, ಹಾಗಾಗಿ ಜ್ಯಾಕ್ ಆನ್ ಮಾಡಿದರೆ ಬ್ರೌಸರ್ ಸದ್ದು ಬಂದ್. ಯಾರೊಬ್ಬರ ತಪ್ಪೂ ಅಲ್ಲ, ಆದರೆ ಬೈಗುಳವೆಲ್ಲ ಕೋಡ್ ಬರೆದವರ ಪಾಲಿಗೆ ಹೋಯಿತು. ಬ್ಲೂಟೂತ್ ಹೆಡ್‌ಸೆಟ್ ಜೋಡಿಸಿದ ತಕ್ಷಣ ಕೆಲಸ ಮಾಡೋದು ಅವರ ದುಡಿಮೆಯಿಂದಲೇ ಅಂತ ಯಾರೂ ನೆನೆಸಲಿಲ್ಲ.

ಈಗ ವಿಮ್ ಟೇಮನ್ಸ್ ಶುರು ಮಾಡಿದ ಪೈಪ್‌ವೈರ್ ಜ್ಯಾಕ್, ಪಲ್ಸ್‌ಆಡಿಯೋ ಎರಡರ ಕೆಲಸವನ್ನೂ ಒಟ್ಟಿಗೆ ಮಾಡುತ್ತೆ. 2021ರಲ್ಲಿ ಫೆಡೋರಾ 34 ಅನ್ನೋ ಲಿನಕ್ಸ್ ಆವೃತ್ತಿ ಅದನ್ನೇ ಆಡಿಯೋಗೆ ಡೀಫಾಲ್ಟ್ ಮಾಡಿತು, 2023ರ ನವೆಂಬರ್‌ನಲ್ಲಿ 1.0 ಬಂತು. ಜ್ಯಾಕ್‌ಗೆ ಬರೆದ ಹಳೇ ಪ್ರೋಗ್ರಾಂಗಳೂ ಅದರ ಮೇಲೆ ನಡೆಯುತ್ತವೆ.

ಟೇಮನ್ಸ್‌ಗೆ ರೆಡ್ ಹ್ಯಾಟ್ ಕಂಪನಿಯ ಸಂಬಳ ಇದೆ. ಆರ್ಡೋರ್‌ನಂಥ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳೋ ಪ್ಲಗಿನ್ ಬರೆಯುವ ಎಷ್ಟೋ ಜನರಿಗೆ ಅದೂ ಇಲ್ಲ. ಆರ್ಡೋರ್‌ನ ಸೋರ್ಸ್ ಕೋಡ್ ಉಚಿತ, ಆದರೆ ಅವರ ಸೈಟಿನ ರೆಡಿ ಪ್ಯಾಕೇಜಿಗೆ ಸ್ವಲ್ಪ ದುಡ್ಡು ಕೇಳುತ್ತಾರೆ. ಕೊಡಿ. ಕೊಡೋಕೆ ಆಗದಿದ್ದರೆ ಯಾವ ಕಾರ್ಡ್, ಎಷ್ಟು ಬಫರ್, ಏನು ಮಾಡುವಾಗ ಪಟಪಟ ಸದ್ದು ಬಂತು ಅಂತ ಒಂದು ಬಗ್ ರಿಪೋರ್ಟ್ ಬರೆಯಿರಿ. ಪ್ರತಿಯೊಂದು ಕಾರ್ಡನ್ನೂ ಕೊಂಡು ಪರೀಕ್ಷೆ ಮಾಡೋಕೆ ಕೋಡ್ ಬರೆಯುವವರಿಗೆ ಆಗಲ್ಲ.